ಠಾಣೆಯೊಳಗಿನ ನಗು

ನಮಸ್ಕಾರ. ನಮ್ಮ ಕಾಸರಗೋಡಿನಲ್ಲಿ ಹೊರರಾಜ್ಯದಿಂದ ದುಡಿಯಲು ಬಂದವರಿಗೆಲ್ಲ ಒಂದೇ ಹೆಸರು, ಬಂಗಾಳಿ. ಒಡಿಶಾದವನೂ ಬಂಗಾಳಿ, ಅಸ್ಸಾಮಿನವನೂ ಬಂಗಾಳಿ. ನಾನೂ ಹಾಗೇ ಕರೆದವನು, ಸುಳ್ಳು ಯಾಕೆ ಹೇಳಲಿ.

ನಮ್ಮಲ್ಲಿ ಅಡಿಕೆ ಸುಲಿಯುವ ಒಡಿಶಾದ ಹುಡುಗನ ಮೊಬೈಲು ಒಮ್ಮೆ ಕಳವಾಯಿತು. ದೂರು ಕೊಡಲು ಅವನ ಜೊತೆ ಠಾಣೆಗೆ ಹೋದೆ. ಬರೆದುಕೊಳ್ಳಬೇಕಾದವರು ಅವನನ್ನು ಮೇಲಿಂದ ಕೆಳಗೆ ನೋಡಿ, "ಇವನದ್ದು ಕದ್ದರಾ, ಇವನೇ ಕದ್ದನಾ?" ಎಂದು ಮಲಯಾಳದಲ್ಲಿ ಕೇಳಿದರು. ಅಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಪೊಲೀಸ್ ಮಾತ್ರ ಮೊದಲು ನಗಲಿಲ್ಲ, ದೊಡ್ಡವರ ಮುಖ ನೋಡಿಕೊಂಡು ಆಮೇಲೆ ನಕ್ಕ. ನಾನೂ ಹಲ್ಲು ಕಿರಿದೆ, ಕೆಲಸ ಆಗಬೇಕಲ್ವಾ. ನಮ್ಮ ಹುಡುಗನಿಗೆ ಮಾತು ತಿಳಿಯಲಿಲ್ಲ, ನಗು ತಿಳಿಯಿತು.

"ಸುಮ್ನೆ ತಮಾಷೆಗೆ ಮಾರಾಯ್ರೆ" ಅಂತಾರೆ. ಲಂಡನ್ನಿನಲ್ಲೂ ಹೀಗೇ ಅಂದಿದ್ದರು. ಚೇರಿಂಗ್ ಕ್ರಾಸ್ ಠಾಣೆಯ ಪೊಲೀಸರ ವಾಟ್ಸಾಪ್ ಸಂದೇಶಗಳು 2022ರಲ್ಲಿ ಹೊರಬಂದಾಗ, ಕರಿಯರ ಬಗ್ಗೆ, ಹೆಂಗಸರ ಬಗ್ಗೆ ಬರೆದದ್ದಕ್ಕೆ ಕೊಟ್ಟ ಸಮಜಾಯಿಷಿ ಇದೇ, ತಮಾಷೆ.

ಅಮೆರಿಕದ ಫರ್ಗುಸನ್ ಊರಿನ ಕತೆ ಇನ್ನೂ ಜೋರು. ಅಲ್ಲಿ 2014ರಲ್ಲಿ ಮೈಕೆಲ್ ಬ್ರೌನ್ ಎಂಬ ಕಪ್ಪು ಹುಡುಗ ಪೊಲೀಸ್ ಗುಂಡಿಗೆ ಸತ್ತ. ಮರುವರ್ಷ ಸರಕಾರದ ತನಿಖೆಯಲ್ಲಿ ಪೊಲೀಸರ, ಕೋರ್ಟಿನವರ ಇಮೇಲುಗಳು ಸಿಕ್ಕವು. ಕರಿಯರು ಎಲ್ಲಿ ನಾಲ್ಕು ವರ್ಷ ಒಂದೇ ಕೆಲಸದಲ್ಲಿ ನಿಲ್ಲುತ್ತಾರೆ, ಒಬಾಮ ಅಧ್ಯಕ್ಷರಾಗಿ ಉಳಿಯುವುದಿಲ್ಲ ಎಂಬಂಥ ಜೋಕುಗಳು. ಇಂಥದ್ದು ಕಳಿಸಬೇಡ ಅಂತ ಒಬ್ಬರೂ ಹೇಳಿದ್ದು ಕಾಣಲಿಲ್ಲವಂತೆ! ಅದೇ ವರದಿಯಲ್ಲಿ ಇನ್ನೊಂದು ಲೆಕ್ಕ: ಊರಲ್ಲಿ ಕರಿಯರು ನೂರಕ್ಕೆ 67, ಬಂಧನವಾದವರಲ್ಲಿ ನೂರಕ್ಕೆ 93. ಬೆಳಿಗ್ಗೆ ಜೋಕು ಓದಿ ನಕ್ಕವನೇ ಮಧ್ಯಾಹ್ನ ರಸ್ತೆಯಲ್ಲಿ ಯಾರ ಗಾಡಿ ನಿಲ್ಲಿಸಬೇಕು ಅಂತ ತೀರ್ಮಾನಿಸುವವನು.

ನಮಗೂ ಇದು ಹೊಸದೇನಲ್ಲ. ಬ್ರಿಟಿಷರು 1871ರಲ್ಲಿ ಕಾನೂನು ಮಾಡಿ ಕೆಲವು ಜಾತಿಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಕಟ್ಟಿದರು. 1952ರಲ್ಲಿ ಆ ಕಾನೂನು ಹೋಯಿತು. ಠಾಣೆಯ ಜೋಕಿನೊಳಗಿಂದ ಆ ಹಣೆಪಟ್ಟಿ ಹೋಗಿದೆಯಾ, ನೀವೇ ಹೇಳಿ.

ಅಂದ ಹಾಗೆ, ಆ ದಿನ ದೂರು ಬರೆಸದೆಯೇ ವಾಪಸು ಬಂದೆವು. ಈ ಮಳೆಗಾಲದಲ್ಲಿ ಅವನ ಸೈಕಲ್ಲೂ ಕಳವಾಯಿತು. ಠಾಣೆಗೆ ಹೋಗೋಣವಾ ಎಂದೆ. ಅವನು ತಲೆ ಎತ್ತಲಿಲ್ಲ, ಅಡಿಕೆ ಸುಲಿಯುತ್ತಲೇ ಇದ್ದ.