ಮೂರು ನೋಡ್ ಸಾಲದು

ನಮಸ್ಕಾರ. ಪುಣೆಯ ಹಿಂಜವಡಿಯಲ್ಲಿ ಕನ್ನಡ ಮಾತಾಡುವ ಎಷ್ಟೋ ಜನ ಹಲವು ಸರ್ವರ್ ಸೇರಿ ಒಂದೇ ತೀರ್ಮಾನಕ್ಕೆ ಬರಬೇಕಾದ ಸಿಸ್ಟಂಗಳನ್ನೇ ಕಟ್ಟುತ್ತಿದ್ದೀರಿ, ಅದಕ್ಕೇ ನಿಮ್ಮ ಹತ್ತಿರ ನೇರವಾಗಿ ಹೇಳುತ್ತೇನೆ. ಮೂರು ಸರ್ವರ್ (ಇಂಥ ಒಂದೊಂದು ಸರ್ವರ್‌ಗೂ ನೋಡ್ ಅನ್ನುತ್ತಾರೆ) ಇಟ್ಟು "ಒಂದು ನೋಡ್ ಮೋಸ ಮಾಡಿದರೂ ಏನೂ ಆಗಲ್ಲ" ಅಂತ ಗ್ರಾಹಕರಿಗೆ ಸ್ಲೈಡ್ ತೋರಿಸುವುದನ್ನು ನಿಲ್ಲಿಸಿ.

ಪುಣೆ, ಮುಂಬೈ, ಪಣಜಿಯಲ್ಲಿ ಒಂದೊಂದು ನೋಡ್ ಇದೆ ಅಂದುಕೊಳ್ಳಿ. ಪುಣೆಯದು ಕೆಟ್ಟಿದೆ. ಅದು ಮುಂಬೈಗೆ "ಹಣ ಕಳಿಸು" ಅನ್ನುತ್ತದೆ, ಪಣಜಿಗೆ "ಕಳಿಸಬೇಡ" ಅನ್ನುತ್ತದೆ. ಪಣಜಿ ಮುಂಬೈಯನ್ನು ಕೇಳಿದರೆ, "ಪುಣೆ ನನಗೆ 'ಕಳಿಸು' ಅಂತ ಹೇಳಿದೆಯಲ್ಲ" ಅನ್ನುವ ಉತ್ತರ ಬರುತ್ತದೆ. ಈಗ ಸುಳ್ಳು ಯಾರದು? ಪುಣೆಯದೋ, ಮುಂಬೈಯದೋ? ಪಣಜಿಗೆ ಎರಡೂ ಒಂದೇ ಥರ ಕಾಣುತ್ತವೆ. 1980ರಲ್ಲಿ ಪೀಸ್, ಶೋಸ್ಟಾಕ್, ಲ್ಯಾಂಪೋರ್ಟ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗಳು ಇದನ್ನೇ ಸಾಬೀತು ಮಾಡಿದರು: ಸುಳ್ಳು ಹೇಳುವ ನೋಡ್ ಎಷ್ಟೋ ಅದರ ಮೂರು ಪಟ್ಟು, ಮೇಲೆ ಒಂದು, ಒಟ್ಟು ಅಷ್ಟು ನೋಡ್ ಬೇಕು. ಒಂದು ಸುಳ್ಳಿಗೆ ನಾಲ್ಕು ನೋಡ್.

ಮೆಸೇಜ್ ಯಾರು ಕಳಿಸಿದ್ದು ಅಂತ ಸಾಬೀತು ಮಾಡುವ ಡಿಜಿಟಲ್ ಸಹಿ ಹಾಕಿದರೆ ಮುಗೀತಲ್ವಾ ಅಂತ ಕೇಳುತ್ತೀರಿ. ಸಹಿ ಇದ್ದರೆ ಪುಣೆ ಸಿಕ್ಕಿಬೀಳುತ್ತದೆ, ನಿಜ. ಆದರೆ ಮೆಸೇಜ್ ಇಷ್ಟು ಹೊತ್ತಿನೊಳಗೆ ಬಂದೇ ಬರುತ್ತದೆ ಅನ್ನುವ ಖಾತ್ರಿಯೂ ಬೇಕು, ಇಂಟರ್‌ನೆಟ್‌ನಲ್ಲಿ ಅದು ಇಲ್ಲ. ಮುಂಬೈಯಿಂದ ಉತ್ತರ ಬರದಿದ್ದರೆ ಅದು ಸತ್ತಿದೆಯೋ, ಬೇಕಂತಲೇ ಸುಮ್ನಿದೆಯೋ, ಲೈನ್ ನಿಧಾನವೋ ಹೇಳೋಕಾಗಲ್ಲ. ಅದಕ್ಕೆ ಕಾಯದೆ ಮುಂದೆ ಹೋದರೆ ಉಳಿದ ಎರಡರಲ್ಲೇ ಒಂದು ಸುಳ್ಳು ಹೇಳುವ ನೋಡ್ ಇರಬಹುದು. ಹಾಗಾಗಿ ಮತ್ತೆ ನಾಲ್ಕೇ ಬೇಕು.

1999ರಲ್ಲಿ ಕ್ಯಾಸ್ಟ್ರೋ, ಲಿಸ್ಕೋವ್ ಕೊಟ್ಟ ಪಿಬಿಎಫ್‌ಟಿ (ಸುಳ್ಳು ಹೇಳುವ ನೋಡ್ ಇದ್ದರೂ ಉಳಿದವು ಒಂದೇ ತೀರ್ಮಾನಕ್ಕೆ ಬರುವ ವಿಧಾನ) ಇದೇ ಲೆಕ್ಕದ ಮೇಲೆ ನಿಂತಿದೆ. ಮಡಗಾಂವ್ ಸೇರಿಸಿ ನಾಲ್ಕು ಮಾಡಿ. ಮೂರು ಒಪ್ಪಿದರೆ ತೀರ್ಮಾನ. ನಾಲ್ಕರಲ್ಲಿ ಯಾವ ಮೂರನ್ನು ಎರಡು ಸಲ ಆರಿಸಿದರೂ ಕನಿಷ್ಠ ಎರಡು ನೋಡ್ ಎರಡೂ ಗುಂಪಿನಲ್ಲಿ ಇದ್ದೇ ಇರುತ್ತವೆ. ಕೆಟ್ಟದ್ದು ಒಂದೇ, ಅಂದರೆ ಆ ಎರಡರಲ್ಲಿ ಒಂದಾದರೂ ಪ್ರಾಮಾಣಿಕ, ಅದು ಎರಡು ಕಡೆಗೂ ಓಟು ಹಾಕುವುದಿಲ್ಲ. ಹಾಗಾಗಿ ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಮಾನ ಹುಟ್ಟುವುದೇ ಇಲ್ಲ. ಕಾಗದದ ಮೇಲೆ ಒಂದು ಸಲ ಬರೆದು ನೋಡಿ, ಎಷ್ಟು ಚೆಂದ ಇದೆ ಅಂತ ಗೊತ್ತಾಗುತ್ತದೆ.

ಆದರೆ ನನಗೆ ಜಾಸ್ತಿ ಸಿಟ್ಟು ಬರುವುದು ಇಲ್ಲಿ: ನಾಲ್ಕು ನೋಡ್ ಇಟ್ಟು, ನಾಲ್ಕಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್. ಆ ಪಾಸ್‌ವರ್ಡ್ ಕದ್ದವನಿಗೆ ನಾಲ್ಕೂ ಸಿಗುತ್ತವೆ, ಮೇಲಿನ ಲೆಕ್ಕ ಅಲ್ಲಿಗೇ ಬಿದ್ದುಹೋಗುತ್ತದೆ. ಮುಂದಿನ ಸಲ ಯಾರಾದರೂ ನಿಮಗೆ ಬ್ಲಾಕ್‌ಚೈನ್ (ಹಲವು ನೋಡ್ ಒಪ್ಪಿಕೊಂಡು ಒಟ್ಟಿಗೆ ಇಡುವ ದಾಖಲೆ ಪುಸ್ತಕ) ಮಾರಲು ಬಂದರೆ ನೋಡ್ ಎಷ್ಟು ಅಂತ ಆಮೇಲೆ ಕೇಳಿ. ಮೊದಲು ಆ ನೋಡ್‌ಗಳ ಕೀ, ಅಂದರೆ ಅವುಗಳ ಪಾಸ್‌ವರ್ಡ್, ಯಾರ್ಯಾರ ಕೈಯಲ್ಲಿದೆ ಅಂತ ಕೇಳಿ.