ಮಂಚದ ಕೆಳಗಿನ ಪುಸ್ತಕ

ಕೇಳುಗರಿಗೆ ನಮಸ್ಕಾರ. ಸ್ವಂತ ದುಡ್ಡು ಹಾಕಿ ಪುಸ್ತಕ ಮಾಡಿದವರು ಎಷ್ಟು ಜನ ರೇಡಿಯೋ ಮುಂದೆ ಕೂತಿದ್ದೀರೋ, ನನ್ನ ಮಾತು ನಿಮಗೇ. ಡಿಟಿಪಿ ಮಾಡಿಸಿದಿರಿ, ಕರಡು ತಿದ್ದಿದಿರಿ, 500 ಪ್ರತಿ ಅಚ್ಚು ಹಾಕಿಸಿದಿರಿ. ಈಗ ಯಾರೋ ಹೇಳಿದ್ದಾರೆ, ಇಂಗ್ಲಿಷಿನ ದೊಡ್ಡ ಪ್ರಕಾಶಕರ ಹತ್ತಿರ ಹೋಗಬೇಕಾದರೆ ಲಿಟರರಿ ಏಜೆಂಟ್, ಅಂದರೆ ಲೇಖಕರ ಪರವಾಗಿ ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಡುವವರು, ಬೇಕು ಅಂತ.

ನಿಜವೇ. ಕನ್ನಡದಲ್ಲಿ ನಾವು ಪ್ರಕಾಶಕರ ಬಾಗಿಲನ್ನು ನೇರವಾಗಿ ತಟ್ಟುತ್ತೇವೆ. ಲಂಡನ್, ನ್ಯೂಯಾರ್ಕಿನ ದೊಡ್ಡ ಪ್ರಕಾಶಕರು ಬಹುಪಾಲು ಏಜೆಂಟರ ಕೈಯಿಂದ ಬಂದದ್ದನ್ನೇ ಓದುತ್ತಾರೆ. ದೆಹಲಿಯಲ್ಲೂ ಏಜೆಂಟರಿದ್ದಾರೆ. ಅವರಿಗೆ ಬರೆಯುವ ಮುಂಚೆ ಒಂದೇ ಮಾತು ನೆನಪಿಡಿ. ಅಚ್ಚಾದ ಪುಸ್ತಕ ಕಳಿಸಬೇಡಿ, ಹೊಸದನ್ನು ಕಳಿಸಿ.

ಯಾಕೆ? ಏಜೆಂಟ್ ಮಾರುವುದು ಪ್ರಕಟಣೆಯ ಹಕ್ಕನ್ನು. ನೀವು ಆಗಲೇ ಪ್ರಕಟಿಸಿ ಕೂತಿದ್ದರೆ ಅವರು ಮಾರುವುದೇನು? ಉಂಡೆಲೆಯಲ್ಲಿ ಮತ್ತೆ ಬಡಿಸಿದ ಹಾಗೆ. ಮಾತು ಒರಟಾಯಿತು, ಕ್ಷಮಿಸಿ.

ನನ್ನದೇ ಕಥೆ ಕೇಳಿ. ನಾನೂ ಒಂದು ಇಂಗ್ಲಿಷ್ ಕಾದಂಬರಿ ಬರೆದು 500 ಪ್ರತಿ ಹಾಕಿಸಿದ್ದೆ. ಅದರ ಜೊತೆ ಒಬ್ಬ ಏಜೆಂಟರಿಗೆ ನಾಲ್ಕು ಪುಟದ ಪತ್ರ. ನಮ್ಮೂರಿನ ಕೆರೆ, ನನ್ನ ಬಾಲ್ಯ, ಮೇಷ್ಟ್ರು ಬೆನ್ನು ತಟ್ಟಿದ್ದು, ಎಲ್ಲಾ ಇತ್ತು. ಕಾದಂಬರಿಯ ಕಥೆ ಏನು ಅನ್ನುವುದೊಂದೇ ಇರಲಿಲ್ಲ. ಕೊನೆಗೆ ಜಂಬದಿಂದ ಒಂದು ಸಾಲು: ‘ಎಲ್ಲ ಪ್ರತಿಗಳೂ ಖಾಲಿಯಾಗಿವೆ.’

ಆ ಏಜೆಂಟರಿಂದ ಫೋನ್ ಬಂತು. ಆ ತಾಯಿ ಕೇಳಿದರು, ‘ಖಾಲಿ ಅಂದರೆ ಮಾರಾಟವಾದವಾ?’ ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ತಂಗಿಯ ಮದುವೆಯಲ್ಲಿ ತಾಂಬೂಲದ ಚೀಲಕ್ಕೆ ಹಾಕಿದ್ದು 200. ನೆಂಟರಿಗೆ, ಆಫೀಸಿನವರಿಗೆ ಸುಮ್ನೆ ಕೊಟ್ಟಿದ್ದು ನೂರರ ಮೇಲೆ. ಬಿಡುಗಡೆಯ ದಿನ ಹಾರದ ಜೊತೆ ಹಂಚಿದ್ದು ಒಂದಷ್ಟು. ಮಂಚದ ಕೆಳಗೆ ಮಳೆನೀರು ನುಗ್ಗಿ ಉಬ್ಬಿಹೋದದ್ದು 90. ದುಡ್ಡು ಕೊಟ್ಟು ಕೊಂಡದ್ದು? 41. ಅದರಲ್ಲಿ ಮೂರು ನಮ್ಮ ಮಾವನವರದ್ದೇ. ಆಕೆ ನಗಲಿಲ್ಲ. ‘ಈಗ ಏನು ಬರೆಯುತ್ತಿದ್ದೀರಿ?’ ಅಂದರು. ಏನೂ ಇಲ್ಲ! ಎರಡು ವರ್ಷ ಹಳೆಯದನ್ನೇ ಬಗಲಿಗೆ ಹಾಕಿಕೊಂಡು ಊರೂರು ತಿರುಗಿದ್ದೆ. ಫೋನ್ ಅಲ್ಲಿಗೆ ಮುಗಿಯಿತು. ಅದಕ್ಕೇ ಹೇಳುವುದು, ಹೊಸದನ್ನು ಕಳಿಸಿ.

‘ಹಾಗಾದರೆ ಆ್ಯಂಡಿ ವಿಯರ್?’ ಅಂತ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಹೌದು, ಅಮೆರಿಕದ ಆ ಲೇಖಕರು ‘ದಿ ಮಾರ್ಷಿಯನ್’ ಕಾದಂಬರಿಯನ್ನು ತಮ್ಮದೇ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯವಾಗಿ ಪುಕ್ಕಟೆ ಹಾಕಿದರು. ಆಮೇಲೆ ಅಮೆಜಾನ್‌ನ ಇ-ಪುಸ್ತಕದ ಅಂಗಡಿ ಕಿಂಡಲ್‌ನಲ್ಲಿ 99 ಸೆಂಟಿಗೆ ಇಟ್ಟರು. ಸಾವಿರಾರು ಜನ ಕೊಂಡರು. ಏಜೆಂಟರೇ ಹುಡುಕಿಕೊಂಡು ಬಂದರು. 2014ರಲ್ಲಿ ದೊಡ್ಡ ಪ್ರಕಾಶಕರಿಂದ ಪುಸ್ತಕ, 2015ರಲ್ಲಿ ಸಿನಿಮಾ. ಸಂತೋಷ. ನಿಮ್ಮ ಪುಸ್ತಕವೂ ಹಾಗೆ ಓಡುತ್ತಿದ್ದರೆ ನೀವು ಈ ಹೊತ್ತಿನಲ್ಲಿ ನನ್ನ ಮಾತು ಕೇಳುತ್ತಾ ಕೂರುತ್ತಿರಲಿಲ್ಲ, ಅಲ್ವಾ?

ಸಮಯ ಆಗುತ್ತಿದೆ ಅಂತ ಗಾಜಿನ ಆಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಹೇಳುತ್ತೇನೆ. ಪತ್ರ ಒಂದೇ ಪುಟ. ಹೊಸ ಪುಸ್ತಕದ ಕಥೆ ಎರಡು ಪ್ಯಾರಾ, ಎಷ್ಟು ಪದ, ಯಾವ ಬಗೆಯದು. ಹಳೆಯ ಪುಸ್ತಕಕ್ಕೆ ಒಂದು ಸಾಲು, ಮಾರಾಟದ ನಿಜವಾದ ಲೆಕ್ಕದ ಜೊತೆ. ತಾಂಬೂಲದ ಚೀಲ ಸೇರಿಸಬೇಡಿ. ಅವರು ಎಷ್ಟು ಅಧ್ಯಾಯ ಕೇಳಿದರೋ ಅಷ್ಟೇ ಕಳಿಸಿ.

ಅಯ್ಯೋ, ದುಡ್ಡಿನ ವಿಷಯ ಮರೆತೇ ಹೋಗಿತ್ತು. ಏಜೆಂಟರ ಪಾಲು ಸಾಮಾನ್ಯವಾಗಿ ನಿಮಗೆ ಬರುವ ಹಣದಲ್ಲಿ ಶೇಕಡಾ 15. ಅದೂ ಪುಸ್ತಕ ಪ್ರಕಾಶಕರಿಗೆ ಮಾರಾಟವಾದ ಮೇಲೆ. ಓದುವುದಕ್ಕೇ ಫೀಸು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಉತ್ತರಕ್ಕೆ ಎರಡು ಮೂರು ತಿಂಗಳು ಕಾಯಬೇಕಾದೀತು. ಆಮೇಲೂ ಸುದ್ದಿ ಇಲ್ಲದಿದ್ದರೆ ಒಂದು ಸಾಲಿನ ಇಮೇಲ್ ಸಾಕು, ದಿನಾ ಫೋನ್ ಬೇಡ. ನಮಸ್ಕಾರ.