ಬೆಳ್ಳಿ ಕೊಳ್ಳುವ ಮೊದಲು ಮಾರುವ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬೆಳ್ಳಿ ಬಗ್ಗೆ ಮಾತಾಡಿ ಅಂತ ಕರೆದಾಗ ಚಿಕ್ಕಮಗಳೂರಿನಲ್ಲಿ ಇಷ್ಟು ಜನ ಸೇರುತ್ತಾರೆ ಅಂದುಕೊಂಡಿರಲಿಲ್ಲ. ರೇಟ್ ಏರಿದಾಗಲೇ ಸಭೆ ತುಂಬುವುದು, ಅಲ್ವಾ?

ನಾನು ಬೆಳ್ಳಿ ವ್ಯಾಪಾರಿ ಅಲ್ಲ. ಕೆಲವು ಚಿನ್ನ ಬೆಳ್ಳಿ ಅಂಗಡಿಗಳ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ರೇಟ್ ಏರುತ್ತದಾ ಇಳಿಯುತ್ತದಾ ಅಂತ ಭವಿಷ್ಯ ಹೇಳುವ ಕೆಲಸ ನನ್ನದಲ್ಲ. ನಾನು ಹೇಳುವುದು ಇಷ್ಟೇ. ಮಾರುವಾಗ ನಿಮ್ಮ ಕೈಗೆ ಎಷ್ಟು ಬರಬೇಕು ಅನ್ನುವುದು ಮುಕ್ಕಾಲು ಪಾಲು ಕೊಳ್ಳುವ ದಿನವೇ ತೀರ್ಮಾನ ಆಗಿಬಿಟ್ಟಿರುತ್ತದೆ.

ಇಲ್ಲಿ ತೋಟದವರು ಜಾಸ್ತಿ ಇದ್ದೀರಿ. ರೋಬಸ್ಟಾ ಕಾಫಿ ಚೆರ್ರಿ ಮಾರುವಾಗ ಓಟಿ, ಅಂದರೆ ಮೂಟೆಯಲ್ಲಿ ಎಷ್ಟು ಕಿಲೋ ಬೇಳೆ ಸಿಗುತ್ತದೆ ಅನ್ನುವುದನ್ನು ನೋಡದೆ ಯಾರಾದರೂ ರೇಟ್ ಹೇಳುತ್ತಾರಾ? 50 ಕಿಲೋ ಮೂಟೆಗೆ ಓಟಿ 26 ಬಂದರೆ ಒಂದು ದುಡ್ಡು, 28 ಬಂದರೆ ಇನ್ನೊಂದು. ಮೂಟೆಯ ತೂಕಕ್ಕೆ ಯಾರೂ ದುಡ್ಡು ಕೊಡುವುದಿಲ್ಲ, ಒಳಗಿನ ಬೇಳೆಗೆ ಕೊಡುತ್ತಾರೆ. ಬೆಳ್ಳಿ ಅಂಗಡಿಯಲ್ಲಿ ಇದಕ್ಕೆ ‘ಟಚ್’ ಅನ್ನುತ್ತಾರೆ. ನೂರು ಗ್ರಾಂ ಪದಾರ್ಥದಲ್ಲಿ ಅಪ್ಪಟ ಬೆಳ್ಳಿ ಎಷ್ಟು ಗ್ರಾಂ ಅನ್ನುವ ಲೆಕ್ಕ. ಕಾಫಿಯಲ್ಲಿ ಒಂದು ಪಾಯಿಂಟ್‌ಗೂ ಜಗಳ ಆಡುವ ನಾವು ಕಾಲ್ಗೆಜ್ಜೆ ಕೊಳ್ಳುವಾಗ ಟಚ್ ಎಷ್ಟು ಅಂತ ಬಾಯಿ ಬಿಟ್ಟು ಕೇಳುವುದೇ ಇಲ್ಲ.

ಒಂದು ಲೆಕ್ಕ ಹಾಕೋಣ. ಸುಲಭ ಆಗಲಿ ಅಂತ ಬೆಳ್ಳಿ ಗ್ರಾಂಗೆ 100 ರೂಪಾಯಿ ಅಂತ ಇಟ್ಟುಕೊಳ್ಳಿ. ನಿಜವಾದ ರೇಟ್ ಬೋರ್ಡ್ ಮೇಲೆ ಇರುತ್ತದೆ, ಅದು ಈಗ ಬೇಡ. 100 ಗ್ರಾಂ ಕಾಲ್ಗೆಜ್ಜೆ. ಬೆಳ್ಳಿಗೆ 10,000. ಮಜೂರಿ ಗ್ರಾಂಗೆ 15ರಂತೆ 1,500. ಮೇಲೆ ಜಿಎಸ್‌ಟಿ 3 ಪರ್ಸೆಂಟ್, 345. ಒಟ್ಟು 11,845 ಕೊಟ್ಟಿರಿ. ಮಾರನೇ ದಿನವೇ ಮಾರಲು ಹೋದಿರಿ ಅಂದುಕೊಳ್ಳಿ. ಬೆಸುಗೆ, ಬೆರಕೆ ಎಲ್ಲ ಕಳೆದು ಟಚ್ 75 ಬಂತು. ಅಪ್ಪಟ ಬೆಳ್ಳಿ 75 ಗ್ರಾಂ, 7,500 ರೂಪಾಯಿ. ಕರಗಿಸಿದ್ದಕ್ಕೆ 2 ಪರ್ಸೆಂಟ್ ಹಿಡಿದರೆ ಕೈಗೆ 7,350. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ರೇಟ್ 161 ದಾಟಬೇಕು!

ಅದೇ 100 ಗ್ರಾಂ ಬೆಳ್ಳಿ ಗಟ್ಟಿ, 999 ಶುದ್ಧತೆಯದು, ಅಂದರೆ ಸಾವಿರದಲ್ಲಿ 999 ಪಾಲು ಅಪ್ಪಟ. ಬೋರ್ಡ್ ರೇಟ್ ಮೇಲೆ 4 ಪರ್ಸೆಂಟ್ ಜಾಸ್ತಿ ಹಾಕಿದರು ಅಂದುಕೊಳ್ಳಿ. 10,400. ಜಿಎಸ್‌ಟಿ 312. ಒಟ್ಟು 10,712. ಮಾರುವಾಗ 3 ಪರ್ಸೆಂಟ್ ಹಿಡಿದರೆ 9,700 ಸಿಗುತ್ತದೆ. ರೇಟ್ 110ರ ಸ್ವಲ್ಪ ಮೇಲೆ ಹೋದರೆ ನೀವು ಬಚಾವ್. ಎರಡೂ ಬೆಳ್ಳಿಯೇ. ಒಂದಕ್ಕೆ 61 ರೂಪಾಯಿ ಏರಬೇಕು, ಇನ್ನೊಂದಕ್ಕೆ ಹನ್ನೊಂದು ಸಾಕು. ಗೆಜ್ಜೆ ಹಾಕಿಕೊಳ್ಳಬೇಡಿ ಅಂತ ನಾನು ಹೇಳುತ್ತಿಲ್ಲ. ಮಗಳ ಕಾಲಿಗೆ ಗೆಜ್ಜೆ ಬೇಕು ಅಂತ ಕೊಂಡರೆ ಅದು ಖರ್ಚು, ಸಂತೋಷದ ಖರ್ಚು. ಅದನ್ನು ಉಳಿತಾಯ ಅಂತ ಕರೆಯಬೇಡಿ, ಅಷ್ಟೇ.

ಇನ್ನು ಜಿಎಸ್‌ಟಿ ಕೊಟ್ಟಮೇಲೆ ಅದು ಹೋಯಿತು. ನೀವು ಮಾರುವಾಗ ಯಾರೂ ವಾಪಸ್ ಕೊಡುವುದಿಲ್ಲ. ‘ಬಿಲ್ ಇಲ್ಲದಿದ್ದರೆ ಅದು ಉಳಿಯುತ್ತಲ್ಲ ಸಾರ್’ ಅಂತ ಕೇಳುವವರಿದ್ದಾರೆ. ಬಿಲ್ ಇಲ್ಲದ ಗಟ್ಟಿಗೆ ಊರು ಬಿಟ್ಟು ಊರಿಗೆ ಹೋದರೆ ಬೆಲೆಯೇ ಬೇರೆ. ನಾಳೆ ತೆರಿಗೆ ಲೆಕ್ಕ ಹಾಕುವಾಗ ಎಷ್ಟಕ್ಕೆ ಕೊಂಡಿದ್ದು ಅನ್ನುವುದಕ್ಕೂ ಆಧಾರ ಇರುವುದಿಲ್ಲ.

ಮನೆಯಲ್ಲಿರುವ ಹಳೇ ರೂಪಾಯಿಗಳ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ಹಳೇ ಮನೆಗಳಲ್ಲಿ ದೇವರ ಪೆಟ್ಟಿಗೆ ತಡಕಾಡಿದರೆ ರಾಣಿ ತಲೆಯ ನಾಣ್ಯ, ರಾಜನ ತಲೆಯ ನಾಣ್ಯ ನಾಲ್ಕಾರು ಸಿಕ್ಕೇ ಸಿಗುತ್ತವೆ. ಎಲ್ಲವೂ ತಕ್ಕಡಿಯಲ್ಲಿ 11.66 ಗ್ರಾಂ ಹತ್ತಿರ ತೂಗುತ್ತವೆ. ಆದರೆ ಇಸವಿ ನೋಡಿ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿಯಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ 10.69 ಗ್ರಾಂ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿ ಸಾಲದೆ ಬಂತು. 1940ರಿಂದ 1945ರವರೆಗಿನ ಆರನೇ ಜಾರ್ಜ್ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಅರ್ಧ, 5.83 ಗ್ರಾಂ ಮಾತ್ರ. 1947ರದ್ದು ಬರೀ ನಿಕ್ಕಲ್. ಇವನ್ನೆಲ್ಲ ಒಂದೇ ಗಂಟಲ್ಲಿ ಕಟ್ಟಿಕೊಂಡು ಹೋಗಿ ‘ಇದಕ್ಕೆಷ್ಟು ಕೊಡ್ತೀರಿ’ ಅಂದರೆ ಕಡಿಮೆಯದರ ಲೆಕ್ಕದಲ್ಲೇ ಎಲ್ಲಕ್ಕೂ ಬೆಲೆ ಕಟ್ಟುತ್ತಾರೆ. ಇಸವಿ ಪ್ರಕಾರ ಮನೆಯಲ್ಲೇ ಬೇರೆ ಮಾಡಿ. ಹುಣಸೆಹಣ್ಣು ಹಾಕಿ ಉಜ್ಜಲು ಮಾತ್ರ ಹೋಗಬೇಡಿ. ನಾಣ್ಯ ಸಂಗ್ರಹಿಸುವವರು ಉಜ್ಜಿದ ನಾಣ್ಯ ಕಂಡರೆ ಮುಖ ತಿರುಗಿಸುತ್ತಾರೆ.

ಮಾರುವ ಜಾಗದಲ್ಲಿ ಏನು ನಡೆಯುತ್ತದೆ? ಮೊದಲು ಯಂತ್ರದ ಕೆಳಗೆ ಇಡುತ್ತಾರೆ, ಟಚ್ ತೋರಿಸುತ್ತದೆ. ಆ ಯಂತ್ರ ನೋಡುವುದು ಮೇಲ್ಮೈಯನ್ನು ಮಾತ್ರ. ದೀಪದ ಕಂಬದ ಬುಡದಲ್ಲಿ ಅರಗು ತುಂಬಿದ್ದರೆ, ವಿಗ್ರಹದೊಳಗೆ ಬೇರೆ ಲೋಹ ಇದ್ದರೆ ಅದಕ್ಕೆ ಕಾಣುವುದಿಲ್ಲ. ಅದಕ್ಕೇ ದೊಡ್ಡ ಸಾಮಾನನ್ನು ಕರಗಿಸುತ್ತಾರೆ. ಕರಗಿಸುವುದು ನಿಮ್ಮ ಕಣ್ಣೆದುರೇ ಆಗಲಿ. ಕರಗಿಸುವ ಮುಂಚೆ ತೂಕ, ಕರಗಿಸಿದ ಮೇಲೆ ತೂಕ, ಆಮೇಲೆ ಆ ಗಟ್ಟಿಯ ಟಚ್. ಮೂರೂ ಚೀಟಿಯಲ್ಲಿ ಬರೆಸಿಕೊಳ್ಳಿ. ಬೆಲೆ ಒಪ್ಪಿಗೆ ಆಗದಿದ್ದರೆ ಗಟ್ಟಿ ತೆಗೆದುಕೊಂಡು ಪಕ್ಕದ ಅಂಗಡಿಗೆ ಹೋಗಬಹುದು. ಕರಗಿಸಿದೆವು ಅಂದಮಾತ್ರಕ್ಕೆ ಅಲ್ಲೇ ಮಾರಬೇಕು ಅಂತ ದಾಕ್ಷಿಣ್ಯ ಬೇಡ. ಜರ್ಮನ್ ಸಿಲ್ವರ್ ತಂದು ಕೇಳುವವರೂ ಇದ್ದಾರೆ, ಪಾಪ. ಅದು ತಾಮ್ರ, ನಿಕ್ಕಲ್, ಸತು. ಬೆಳ್ಳಿ ಒಂದು ಗುಲಗಂಜಿಯೂ ಇಲ್ಲ.

10,000 ರೂಪಾಯಿ ಮೇಲಿದ್ದರೆ ಅಂಗಡಿಯವರು ಬ್ಯಾಂಕ್ ಖಾತೆಗೇ ಹಾಕುತ್ತೇವೆ ಅನ್ನುತ್ತಾರೆ. ಅನುಮಾನ ಬೇಡ. ಒಬ್ಬರಿಗೆ ಒಂದು ದಿನದಲ್ಲಿ ಅದಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆದಾಯ ತೆರಿಗೆ ಲೆಕ್ಕದಲ್ಲಿ ಅದನ್ನು ಖರ್ಚು ಅಂತ ಕಳೆಯಲು ಅವರಿಗೆ ಬಿಡುವುದಿಲ್ಲ.

ಹೊಸದಾಗಿ ಕೊಳ್ಳುವವರಿಗೆ ಒಂದು ಅನುಕೂಲ ಆಗಿದೆ. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿ ಒಡವೆಗೂ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆ ಬೇರೆಯಾದ ಆರು ಅಕ್ಷರ-ಅಂಕೆಗಳ ಗುರುತಿನ ನಂಬರ್ ಇರುವ, ಶುದ್ಧತೆಯ ಹಾಲ್‌ಮಾರ್ಕ್ ಬಂದಿದೆ. ಚಿನ್ನದ ಹಾಗೆ ಕಡ್ಡಾಯ ಅಲ್ಲ, ಅಂಗಡಿಯವರ ಇಷ್ಟಕ್ಕೆ ಬಿಟ್ಟದ್ದು. ಹಾಲ್‌ಮಾರ್ಕ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿ ನೋಡಬಹುದು. ಕೇಳಿ ಕೇಳಿ ಕೊಂಡರೆ ಅಂಗಡಿಯವರೂ ತಾವಾಗಿ ತರಿಸುತ್ತಾರೆ.

ಈಗ ರೇಟ್‌ನ ಕಥೆ, ಬೇಗ ಮುಗಿಸುತ್ತೇನೆ. 2011ರ ಏಪ್ರಿಲ್‌ನಲ್ಲಿ ಬೆಳ್ಳಿ ಕಿಲೋಗೆ 70 ಸಾವಿರ ದಾಟಿತ್ತು. ಅಂಗಡಿಗಳ ಮುಂದೆ ನೂಕುನುಗ್ಗಲು. 2015ರ ಕೊನೆಗೆ ಅದೇ ಬೆಳ್ಳಿ 35 ಸಾವಿರದ ಆಸುಪಾಸು. ಮತ್ತೆ 70 ಸಾವಿರ ನೋಡಲು 2020ರ ಆಗಸ್ಟ್ ಬರಬೇಕಾಯಿತು. ಒಂಬತ್ತು ವರ್ಷ! ಅಮೆರಿಕದಲ್ಲಿ 1980ರ ಜನವರಿಯಲ್ಲಿ ಹಂಟ್ ಸಹೋದರರು ಅನ್ನುವ ಸಿರಿವಂತರು ಬೆಳ್ಳಿ ಮಾರುಕಟ್ಟೆಯನ್ನೇ ಬುಟ್ಟಿಗೆ ಹಾಕಿಕೊಳ್ಳಲು ಹೊರಟು ಒಂದು ಔನ್ಸ್‌ನ, ಅಂದರೆ ಸುಮಾರು 31 ಗ್ರಾಂನ ಬೆಲೆ 50 ಡಾಲರ್ ಹತ್ತಿರ ಹೋಗಿತ್ತು. ಮಾರ್ಚ್ ಕೊನೆಗೆ 11 ಡಾಲರ್ ಕೆಳಗೆ ಬಿತ್ತು. ಆ 50 ಡಾಲರ್ ಗಡಿ ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ಆಗ ದೀಪಾವಳಿ ಮುಂಚೆ ನಮ್ಮಲ್ಲಿ ಸರಕೇ ಸಿಗದೆ ಜನ ರೇಟ್ ಮೇಲೆ ರೇಟ್ ಕೊಟ್ಟರು. ಹಬ್ಬ ಮುಗಿದ ಮೇಲೆ ಆ ಹೆಚ್ಚಿನ ದುಡ್ಡು ಕರಗಿಹೋಯಿತು. ಸರ್ಕಾರದ ಕೈಯೂ ಇದೆ. 2024ರ ಜುಲೈ 23ರಂದು ಬಜೆಟ್‌ನಲ್ಲಿ ಆಮದು ಸುಂಕ 15ರಿಂದ 6 ಪರ್ಸೆಂಟ್‌ಗೆ ಇಳಿಯಿತು. ಹಿಂದಿನ ದಿನ ಕೊಂಡವರಿಗೆ ಒಂದೇ ರಾತ್ರಿಯಲ್ಲಿ ನಷ್ಟ.

ಹಾಗಾಗಿ ಸುಮ್ನೆ ಒಂದೇ ಸಲ ಸುರಿಯಬೇಡಿ. ಕಾಫಿ ದುಡ್ಡು, ಮೆಣಸಿನ ದುಡ್ಡು ಬಂದಾಗ ಸ್ವಲ್ಪ ಸ್ವಲ್ಪ ಕೊಳ್ಳಿ. ಎರಡು ವರ್ಷದೊಳಗೆ ಬೇಕಾಗುವ ದುಡ್ಡನ್ನು ಬೆಳ್ಳಿಗೆ ಹಾಕಲೇಬೇಡಿ. ತೆರಿಗೆಯೂ ಹಾಗೇ ಹೇಳುತ್ತದೆ. 24 ತಿಂಗಳ ಮೇಲೆ ಇಟ್ಟು ಮಾರಿದರೆ ಲಾಭಕ್ಕೆ 12.5 ಪರ್ಸೆಂಟ್, ಅದಕ್ಕೆ ಮುಂಚೆ ಆದರೆ ನಿಮ್ಮ ಆದಾಯದ ಸ್ಲ್ಯಾಬ್ ಪ್ರಕಾರ.

ನಮ್ಮೂರ ಮಳೆಗಾಲದಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಗಾಳಿಯಲ್ಲಿರುವ ಗಂಧಕದ ಅಂಶ ಕಾರಣ, ತೇವ ಅದಕ್ಕೆ ಜೊತೆ ಸೇರುತ್ತದೆ. ನಾಣ್ಯಗಳಿಗೆ ರಬ್ಬರ್ ಬ್ಯಾಂಡ್ ಹಾಕಿಡುವವರು ನೋಡಿ, ಅದು ತಾಗಿದ ಕಡೆ ಗೆರೆ ಎಳೆದ ಹಾಗೆ ಕಪ್ಪು ಬಂದಿರುತ್ತದೆ. ರಬ್ಬರ್‌ನಲ್ಲೂ ಗಂಧಕ ಇದೆ. ಗಟ್ಟಿಗೆ ಬಂದ ಸೀಲ್ ಮಾಡಿದ ಪ್ಯಾಕೆಟ್ ಒಡೆಯಬೇಡಿ, ಮಾರುವಾಗ ಮಾತು ಕಡಿಮೆ ಆಗುತ್ತದೆ.

ಒಬ್ಬರು ಚೀಟಿ ಕಳಿಸಿದ್ದಾರೆ, ಗಟ್ಟಿ ಅಡ ಇಟ್ಟು ಬ್ಯಾಂಕಲ್ಲಿ ಸಾಲ ಸಿಗುತ್ತದಾ ಅಂತ. ಇಲ್ಲ. ರಿಸರ್ವ್ ಬ್ಯಾಂಕಿನ ಹೊಸ ನಿಯಮ 2026ರ ಏಪ್ರಿಲ್ 1ರಿಂದ. ಅದರಲ್ಲಿ ಬೆಳ್ಳಿ ಒಡವೆಗೆ 10 ಕಿಲೋವರೆಗೆ, ನಾಣ್ಯಕ್ಕೆ 500 ಗ್ರಾಂವರೆಗೆ ಸಾಲ ಇದೆ. ಗಟ್ಟಿಗೆ ಇಲ್ಲ. ಕಷ್ಟಕಾಲಕ್ಕೆ ಅಡ ಇಡುವ ಯೋಚನೆ ಇರುವವರು ಒಂದು ಪಾಲನ್ನು ನಾಣ್ಯದಲ್ಲಿ ಇಟ್ಟುಕೊಳ್ಳುವುದು ವಾಸಿ. ಚಿಕ್ಕ ನಾಣ್ಯಕ್ಕೆ ಗ್ರಾಂ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಕೊಡಬೇಕಾಗುತ್ತದೆ, ಅದನ್ನೂ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಮುಂದಿನ ಚೀಟಿ ಕೊಡಿ.